ನದಿಗೆ ಮೂರಿಂಚು ಲೂಸು

ಅಕ್ಕನ ಕೊರಳಲ್ಲೊಂದು ಟೇಪು, ತಮ್ಮನ ಜೇಬಿನಲ್ಲೊಂದು ಟೇಪು. ಅಕ್ಕನದು ಮೆತ್ತನೆಯ ಹಳದಿ ಪಟ್ಟಿ, ಇಂಚಿನ ಲೆಕ್ಕದ್ದು. ತಮ್ಮನದು ಉಕ್ಕಿನದು, ಗುಂಡಿ ಒತ್ತಿದರೆ ಹಾವು ಬಿಲ ಸೇರಿದಂತೆ ಸರ್ರನೆ ಒಳಗೆ ಓಡುವಂಥದ್ದು, ಸೆಂಟಿಮೀಟರಿನ ಲೆಕ್ಕದ್ದು. ಅಕ್ಕ ಕೆಳಬೀದಿಯ ಟೈಲರಮ್ಮ. ತಮ್ಮ ನಗರ ಯೋಜನಾ ಕಚೇರಿಯ ಸರ್ವೆಯವನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರೂ ಅಳೆಯುವ ಕಸುಬನ್ನೇ ಹಿಡಿದಿರಲ್ಲ ಎಂದು ಯಾರಾದರೂ ಅಂದರೆ ಅಕ್ಕ ಹೇಳುತ್ತಿದ್ದಳು: "ಎರಡೂ ಒಂದೇ ಅಲ್ಲಪ್ಪ. ನಾನು ಅಳೆದು ಹೋದ ಮೇಲೆ ಜನಕ್ಕೆ ಒಂದು ಅಂಗಿ ಸಿಗುತ್ತೆ. ಇವನು ಅಳೆದು ಹೋದ ಮೇಲೆ ಒಂದು ನೋಟೀಸು ಸಿಗುತ್ತೆ."

ಆ ಮಂಗಳವಾರ ಮಧ್ಯಾಹ್ನ ತಮ್ಮ ಅಕ್ಕನ ಅಂಗಡಿಯ ಕಡೆ ಹೆಜ್ಜೆ ಹಾಕಿದಾಗ ಅವನ ಚೀಲದಲ್ಲಿದ್ದದ್ದು ಹೆಚ್ಚುಕಡಿಮೆ ಅಂಥದೇ ಒಂದು ಕಾಗದ. ಎಂಟು ದಿನದಿಂದ ಅದು ಅಲ್ಲೇ ಇತ್ತು. ಎಂಟು ದಿನದಿಂದ ಅವನು ಈ ಬೀದಿಯ ಮೂಲೆಯವರೆಗೆ ಬಂದು, ಏನೋ ಮರೆತವನಂತೆ ಹಣೆ ಬಡಿದುಕೊಂಡು, ವಾಪಸು ಹೋಗುತ್ತಿದ್ದ.

ಕೆಳಬೀದಿ ಎಂದರೆ ನದಿಯ ಕಡೆಗೆ ಕಾಲು ಚಾಚಿ ಮಲಗಿದ ಬೀದಿ. ಮೂವತ್ತೆಂಟು ಮನೆ. ಎಷ್ಟೋ ವರ್ಷಕ್ಕೊಮ್ಮೆ ನದಿ ಕರೆಯದ ನೆಂಟನಂತೆ ಒಳಗೆ ಬರುತ್ತಿತ್ತು, ಹೊಸಿಲು ದಾಟುವ ಮುನ್ನ ಕಾಲೂ ಒರೆಸಿಕೊಳ್ಳದೆ. ಆರು ವರ್ಷದ ಹಿಂದೆ ಹಾಗೆ ಬಂದದ್ದು ಎರಡು ದಿನ ತಂಗಿ, ಹೋಗುವಾಗ ಪ್ರತಿ ಮನೆಯ ಗೋಡೆಯ ಮೇಲೂ ಒಂದು ಕಂದು ಗೆರೆ ಎಳೆದು ಹೋಗಿತ್ತು. ಎಷ್ಟು ಬಣ್ಣ ಬಳಿದರೂ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಗೆರೆ ಮತ್ತೆ ಮೂಡಿ, 'ಮರೆತಿರೇನೋ ಅಂದುಕೊಂಡೆ' ಎನ್ನುತ್ತಿತ್ತು.

ಈ ಸಲ ಕಚೇರಿಯಿಂದ ಆದೇಶವಾಗಿತ್ತು: ಮುಂದಿನ ಮಳೆಗೆ ಮೊದಲು ಬೀದಿಯವರೇ ಕೂತು ಯೋಜನೆ ಮಾಡಬೇಕು. ಯಾವಾಗ ಹೊರಡುವುದು, ಎಲ್ಲಿಗೆ ಹೋಗುವುದು, ಯಾರು ಯಾರನ್ನು ಎತ್ತಿಕೊಂಡು ಹೋಗುವುದು, ಎಲ್ಲ. ಒಂದು ನಿಯಮ ಮಾತ್ರ ಮೇಲಿನಿಂದಲೇ ಬಂದಿತ್ತು. ಎರಡಡಿಗಿಂತ ಹೆಚ್ಚು ನೀರು ನಿಲ್ಲುವ ಮನೆಯ ನೆಲಮಾಳಿಗೆಯಲ್ಲಾಗಲಿ ನೆಲದಂತಸ್ತಿನಲ್ಲಾಗಲಿ ಯಾರೂ ಮಲಗುವಂತಿಲ್ಲ, ಕಸುಬು ಮಾಡುವಂತಿಲ್ಲ. ಅಂಥವರಿಗೆ ದಿಬ್ಬದ ಮೇಲಿನ ಹೊಸ ಕಟ್ಟಡದಲ್ಲಿ ಕೋಣೆ. ಆ ದಿಬ್ಬಕ್ಕೆ ಎಂಬತ್ತನಾಲ್ಕು ಮೆಟ್ಟಿಲು.

ಗೋಡೆಯ ಗೆರೆ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಲು ಕಚೇರಿಯವರು ಬಂದರೆ ಬೀದಿಯವರು ಬಾಗಿಲು ಹಾಕಿಕೊಂಡರು. ಟೈಲರಮ್ಮ ಹೋದರೆ ಯಾರು ಹಾಕಿಕೊಳ್ಳುತ್ತಾರೆ? ಇಡೀ ಬೀದಿಯ ಸೊಂಟದ ಸುತ್ತಳತೆ ಅವಳ ಕೈಯಲ್ಲಿತ್ತು. ಅಂಥವಳ ಹತ್ತಿರ ಮುಚ್ಚಿಡುವಂಥದ್ದೇನು ಉಳಿದಿದೆ? ಎರಡು ದಿನದಲ್ಲಿ, ಎರಡಡಿಯ ನಿಯಮ ಕಿವಿಗೆ ಬೀಳುವ ಮೊದಲೇ, ಮೂವತ್ತೆಂಟು ಮನೆಯನ್ನೂ ಅಳೆದು ತನ್ನ ಅಳತೆ ಪುಸ್ತಕದಲ್ಲೇ ಬರೆದು ಕೊಟ್ಟಳು. ಒಂದು ಸಾಲಿನಲ್ಲಿ 'ಬಡಗಿ, ಎದೆ ನಲವತ್ತು' ಎಂದಿದ್ದರೆ, ಅದರ ಕೆಳಗಿನ ಸಾಲಿನಲ್ಲಿ 'ಬಡಗಿ ಮನೆ, ಗೋಡೆ ಮೂವತ್ತೊಂದು'.

ಆ ಪುಸ್ತಕದ ಪ್ರಕಾರ ಎರಡಡಿ, ಅಂದರೆ ಇಪ್ಪತ್ನಾಲ್ಕು ಇಂಚು ದಾಟಿದ ಮನೆಗಳು ಹದಿನಾಲ್ಕು. ಪಟ್ಟಿಯ ಕೊನೆಯ ಮೂರು ಹೀಗಿದ್ದವು: ಪುಸ್ತಕಕ್ಕೆ ರಟ್ಟು ಕಟ್ಟುವವನ ಮನೆ, ಇಪ್ಪತ್ತಾರು. ಕ್ಷೌರದಂಗಡಿ, ಇಪ್ಪತ್ತಾರು. ಟೈಲರ್ ಅಂಗಡಿ, ಇಪ್ಪತ್ತೈದು.

ಒಂದೇ ಒಂದು ಇಂಚಿನಲ್ಲಿ ಅಕ್ಕನ ಅಂಗಡಿ ಹೋಗುವುದಿತ್ತು. ಅದೂ ಅವಳೇ ಕೈಯಾರೆ ಬರೆದುಕೊಟ್ಟ ಇಂಚಿನಲ್ಲಿ.

ತಮ್ಮನಿಗೆ ಉಳಿದಿದ್ದದ್ದು ಒಂದು ಸಣ್ಣ ಆಸೆ. ಅವನ ಬಳಿ ಪ್ರತಿ ಮನೆಯ ನೆಲದ ಮಟ್ಟ ಇತ್ತು. ಅದಕ್ಕೆ ಗೋಡೆಯ ಗೆರೆಯ ಎತ್ತರ ಕೂಡಿಸಿದರೆ ನೀರು ಏರಿದ ಮಟ್ಟ ಸಿಗಬೇಕು. ಸೇತುವೆಯ ಕಂಬದ ಮೇಲೆ ಆ ವರ್ಷವೇ ಗುರುತು ಮಾಡಿಟ್ಟ ಮಟ್ಟಕ್ಕೆ ಅದು ತಾಳೆಯಾಗಬೇಕು. ಆಗುತ್ತಿರಲಿಲ್ಲ. ಮೂವತ್ತೆಂಟು ಮನೆಯ ಲೆಕ್ಕವೂ ಕಂಬದ ಗುರುತಿಗಿಂತ ಸರಿಯಾಗಿ ಮೂರಿಂಚು ಮೇಲೆ. ಅಳೆದೂ ಸುರಿದೂ ನೋಡಿದ ಮೇಲೆ ಅವನಿಗೆ ಹೊಳೆದದ್ದು ಒಂದೇ: ಅಕ್ಕನ ಟೇಪಿನ ತುದಿ ಸವೆದಿರಬೇಕು.

"ಏನೋ ಸೆಂಟಿಮೀಟರು, ಇವತ್ತು ಮೂಲೆಯಿಂದ ಈಚೆಗೂ ಬಂದ್ಯಲ್ಲ?" ಅಕ್ಕ ಮೆಷಿನ್ನಿನಿಂದ ತಲೆ ಎತ್ತದೆ ಕೇಳಿದಳು. "ದಿನಾ ಅಲ್ಲಿಗೆ ಬಂದು ಹಣೆ ಬಡ್ಕೊಂಡು ಹೋಗ್ತಿದ್ದೆ. ನಮ್ಮ ಬೀದಿ ನೋಡಿದ್ರೆ ಅಷ್ಟು ದುಃಖ ಆಗುತ್ತಾ?"

ಬಾಗಿಲಲ್ಲಿ ಕೂತ ಮೇಲೆ ಅವಳಿಗೆ ಕಾಣದೆ ಬೀದಿಯಲ್ಲಿ ಏನೂ ನಡೆಯುವಂತಿಲ್ಲ ಎಂಬುದನ್ನು ಅವನು ಮರೆತಿದ್ದ. "ನಿನ್ನ ಟೇಪು ಕೊಡು," ಎಂದ.

"ಯಾಕೆ, ನಿನ್ನದನ್ನ ಸರ್ಕಾರ ವಾಪಸ್ ತಗೊಂಡ್ತಾ?"

ಎರಡೂ ಟೇಪನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಒಂದರ ಪಕ್ಕ ಒಂದು ಹಾಸಿ, ಇಂಚನ್ನು ಸೆಂಟಿಮೀಟರಿಗೆ ತಿರುಗಿಸಿ ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಓಹೋ, ನನ್ನ ಟೇಪಿನ ಮೇಲೇ ಅನುಮಾನ! ನಿನ್ನ ಮದುವೆ ಪ್ಯಾಂಟಿಗೆ ಅಳತೆ ತಗೊಂಡ ಟೇಪು ಕಣೋ ಇದು. ಆಗ ಇಪ್ಪತ್ತೆಂಟು ಅಂದಿತ್ತು. ಬಾ ಈಗ, ಸತ್ಯ ಹೇಳುತ್ತೋ ಸುಳ್ಳು ಹೇಳುತ್ತೋ ನೋಡೇ ಬಿಡೋಣ."

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಭಾವ ಕಿಸಕ್ಕೆಂದ. ಭಾವನಿಗೆ ಎಡಗಿವಿ ಮಂದ. ಮೂವತ್ತು ವರ್ಷದಿಂದ ಅವನು ಅಕ್ಕನ ಬಲಕ್ಕೇ ಕುಳಿತುಕೊಂಡು ಸುಖವಾಗಿದ್ದ. ಇಂಥ ಮಾತು ಮಾತ್ರ ಅವನಿಗೆ ಯಾವ ಕಿವಿಯಲ್ಲಾದರೂ ಕೇಳುತ್ತಿತ್ತು.

ತಮ್ಮ ಇಸ್ತ್ರಿ ಮೇಜನ್ನು ಸರಿಸಿ, ಮಂಡಿಯೂರಿ, ಗೋಡೆಯ ಗೆರೆಗೆ ಅಕ್ಕನ ಟೇಪು ಹಿಡಿದ. ಇಪ್ಪತ್ತೆರಡು. ಮತ್ತೆ ಹಿಡಿದ. ಇಪ್ಪತ್ತೆರಡೇ. ಅದರ ಕೆಳಗೆ ಮಸುಕಾಗಿ ಇನ್ನೊಂದು ಗೆರೆಯಿತ್ತು, ಹತ್ತೊಂಬತ್ತಕ್ಕೆ. ಅದು ಅದಕ್ಕೂ ಹಿಂದಿನ ನೆರೆಯದು, ಅಕ್ಕ ಅಂಗಡಿ ಇಟ್ಟ ಹೊಸತರದ್ದು. ಅದು ಅವನಿಗೆ ಬೇಕಿರಲಿಲ್ಲ.

"ಅಕ್ಕ, ಇಲ್ಲಿ ಇಪ್ಪತ್ತೆರಡಿದೆ. ನೀನು ಇಪ್ಪತ್ತೈದು ಬರ್ದಿದೀಯ."

"ಹೌದು."

"ಹೌದು ಅಂದ್ರೆ?"

"ಇಪ್ಪತ್ತೆರಡು ಅಳತೆ, ಮೂರು ಲೂಸು."

ತಮ್ಮ ಮಂಡಿಯ ಮೇಲೇ ಉಳಿದ. "ಗೋಡೆಗೆ ಲೂಸಾ?"

"ಅಳತೆ ಎಷ್ಟಿದೆಯೋ ಅಷ್ಟಕ್ಕೇ ಕತ್ತರಿ ಹಾಕಿದ್ರೆ, ಹಾಕ್ಕೊಂಡೋನು ಊಟ ಮಾಡೋದು ಬೇಡ್ವಾ, ಉಸಿರು ಬಿಡೋದು ಬೇಡ್ವಾ? ಕೈಗೆ ಅಭ್ಯಾಸ ಆಗಿಹೋಗಿದೆ ಕಣೋ. ಟೇಪು ಹಿಡಿದ್ರೆ ಲೂಸು ಸೇರಿಸ್ಕೊಂಡೇ ಬರೆಯುತ್ತೆ."

"ಎಲ್ಲಾ ಮನೆಗೂ ಸೇರಿಸಿದೀಯಾ?"

"ನಾನೇನು ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡೋಳಾ? ಮೂವತ್ತೆಂಟು ಮನೆಗೂ ಮೂರೇ."

ತಮ್ಮ ಗೋಡೆಗೆ ಒರಗಿ ಕೂತು ನಗಲಾರಂಭಿಸಿದ. ನಗು ನಿಂತ ಮೇಲೆ ಎಂಟು ದಿನದ ಕಾಗದ ತೆಗೆದು ಎಲ್ಲವನ್ನೂ ಹೇಳಿದ. ಅಕ್ಕನ ಕಾಲು ಪೆಡಲಿನ ಮೇಲೆ ನಿಂತಿತು.

"ಅಂದ್ರೆ ನಾನು ಪಟ್ಟಿಯಲ್ಲಿದ್ದೆ?"

"ಇದ್ದೆ. ಇನ್ನಿಲ್ಲ. ಲೂಸು ತೆಗೆದ್ರೆ ನಿನ್ನದು ಇಪ್ಪತ್ತೆರಡು, ಕ್ಷೌರದವನದು, ರಟ್ಟಿನವನದು ಇಪ್ಪತ್ತಮೂರು. ಮೂವರೂ ಪಾರು."

"ಎಂಟು ದಿನ ಇದನ್ನ ಹೊಟ್ಟೇಲಿಟ್ಕೊಂಡು ಓಡಾಡಿದ್ಯಾ?"

"ಹ್ಞೂಂ."

"ಅದಕ್ಕೇ ಸೊಂಟ ಹಾಗಾಗಿರೋದು," ಎಂದಳು. ಆದರೆ ಧ್ವನಿಯಲ್ಲಿ ಎಂದಿನ ಮೊನಚಿರಲಿಲ್ಲ. ಎದ್ದು ಹೋಗಿ ಬಾಗಿಲ ಕಲ್ಲಿನ ಮೇಲೆ ನಿಂತಳು. ಇಪ್ಪತ್ತೊಂಬತ್ತು ವರ್ಷದಿಂದ ಗಿರಾಕಿಗಳು ಕೂತು ಕೂತು ನಡುವೆ ತಗ್ಗಾದ ಕಲ್ಲು. ಬೀದಿಯ ಯಾವ ಜಗಳವಾದರೂ ಪಂಚಾಯಿತಿಗೆ ಮೊದಲು ಇಲ್ಲಿಗೆ ಬಂದು ಅರ್ಧ ತಣ್ಣಗಾಗಿ ಹೋಗುತ್ತಿತ್ತು. ಯಾರ ಮನೆಯ ಹುಡುಗಿ ಯಾರ ಜೊತೆ ಸೈಕಲ್ ತಳ್ಳಿಕೊಂಡು ಬಂದಳು ಎಂಬುದು ಅವರ ಅಪ್ಪನಿಗಿಂತ ಮೊದಲು ಈ ಕಲ್ಲಿಗೆ ಗೊತ್ತಾಗುತ್ತಿತ್ತು. ದಿಬ್ಬದ ಮೇಲೆ, ಎಂಬತ್ತನಾಲ್ಕು ಮೆಟ್ಟಿಲಾಚೆ, ಒಂದು ಗುಂಡಿ ಹಾಕಿಸಲು ಯಾರು ಹತ್ತಿ ಬರುತ್ತಾರೆ?

"ಬಿಚ್ಚಾಕ್ಬಿಡು ಹಾಗಾದ್ರೆ ಲೂಸನ್ನ," ಎಂದಳು.

ತಮ್ಮ ಹಗುರಾಗಿ ಎದ್ದ. ಬೀದಿಗಿಳಿದು ನಾಲ್ಕು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಅಕ್ಕ ಕೂಗಿದಳು: "ಲೋ, ಆ ಇಪ್ಪತ್ತೆರಡು ಆರು ವರ್ಷದ ಹಿಂದಿನದಲ್ವಾ?"

"ಹೌದು. ಯಾಕೆ?"

"ಏನಿಲ್ಲ. ಆರು ವರ್ಷದ ಹಿಂದಿನ ಅಳತೆಗೆ ನಾನು ಯಾರಿಗೂ ಬಟ್ಟೆ ಕತ್ತರಿಸಿದ್ದಿಲ್ಲ." ಒಂದು ಕ್ಷಣ ಬಿಟ್ಟು, "ಹೋಗ್ಲಿ ಬಿಡು. ನಿಮ್ಮ ನದಿ, ನಿಮ್ಮ ಲೆಕ್ಕ," ಎಂದು ಒಳಗೆ ಹೋದಳು. ಮೆಷಿನ್ನಿನ ಸದ್ದು ಬೇಕಾದ್ದಕ್ಕಿಂತ ಜೋರಾಗಿ ಕೇಳಿತು.

ಕಚೇರಿಯಲ್ಲಿ ತಮ್ಮ ಮೂವತ್ತೆಂಟು ಅಂಕಿಯಿಂದಲೂ ಮೂರು ಕಳೆದ. ಸೇತುವೆಯ ಕಂಬಕ್ಕೆ ಎಲ್ಲವೂ ತಾಳೆಯಾಯಿತು. ಹದಿನಾಲ್ಕು ಹೋಗಿ ಹನ್ನೊಂದು ಮನೆಯಾಯಿತು. "ಇದು ಲೆಕ್ಕ ಅಂದ್ರೆ!" ಎಂದು ಅವನ ಮೇಲಧಿಕಾರಿ ಮೇಡಂ ಹೊಗಳಿದರು; ಹನ್ನೊಂದು ಕೋಣೆ ಹಂಚುವುದು ಹದಿನಾಲ್ಕು ಹಂಚುವುದಕ್ಕಿಂತ ಸುಲಭ. ಇನ್ನು ಉಳಿದದ್ದು ಯೋಜನೆಯ ನಮೂನೆಯ ಕೊನೆಯ ಪುಟ. ಅಲ್ಲೊಂದು ಖಾನೆಯಿತ್ತು: 'ಸುರಕ್ಷತಾ ಅಂತರ: ಸ್ಥಳೀಯ ಸಮುದಾಯದೊಂದಿಗೆ ಚರ್ಚಿಸಿ ತುಂಬುವುದು.' ಅವನಿಗಿಂತ ಮೊದಲು ಆ ಕುರ್ಚಿಯಲ್ಲಿ ಕೂತವರು ಅಲ್ಲಿ ಅಡ್ಡಗೆರೆ ಹಾಕುತ್ತಿದ್ದರು. ಹನ್ನೊಂದು ವರ್ಷದಿಂದ ಅವನೂ ಅಡ್ಡಗೆರೆ ಹಾಕುತ್ತಿದ್ದ. ಈಗಲೂ ಪೆನ್ಸಿಲಿನಲ್ಲಿ ಹಾಕಿದ.

ಭಾನುವಾರ ಹತ್ತು ಗಂಟೆಗೆ ಬೀದಿಯವರ ಸಭೆ. ಹೆಂಡತಿಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ. ವಾರದ ಇಸ್ತ್ರಿಯೆಲ್ಲ ತಮ್ಮನ ಪಾಲಿಗೆ. ಮಗಳ ಶಾಲೆಯ ಸ್ಕರ್ಟನ್ನು ಹಾಸಿ ಇಸ್ತ್ರಿಪೆಟ್ಟಿಗೆ ಒತ್ತಿದವನು ಹಾಗೇ ನಿಂತ. ಸ್ಕರ್ಟಿನ ಅಂಚಿನ ಮೇಲೆ, ಎರಡು ಬೆರಳು ಅಂತರದಲ್ಲಿ, ಎರಡು ಮಸುಕು ಗೆರೆ. ಹೋದ ವರ್ಷ ಮಡಿಕೆ ಬಿಚ್ಚಿದ ಗುರುತೊಂದು, ಅದರ ಹಿಂದಿನ ವರ್ಷದ್ದೊಂದು.

ಎಲ್ಲೋ ನೋಡಿದ್ದೇನಲ್ಲ ಇದನ್ನು, ಎನಿಸಿತು. ಇಸ್ತ್ರಿ ಮೇಜಿನ ಹಿಂದೆ. ಹತ್ತೊಂಬತ್ತಕ್ಕೊಂದು, ಇಪ್ಪತ್ತೆರಡಕ್ಕೊಂದು.

"ಅಪ್ಪಾ, ಸುಡುತ್ತೆ!" ಮಗಳು ಕೂಗಿದಳು. "ಒಳಗಡೆ ಇನ್ನೊಂದು ಮಡಿಕೆ ಬಿಟ್ಟಿದಾಳಂತೆ ಅತ್ತೆ. ಅದನ್ನ ಇಸ್ತ್ರಿ ಮಾಡಿ ಚಪ್ಪಟೆ ಮಾಡ್ಬೇಡ ಅಂದಿದಾಳೆ."

"ಎಷ್ಟು ಬಿಟ್ಟಿದಾಳೆ?"

"ಮೂರಿಂಚು. ಯಾಕೆ?"

"ಏನಿಲ್ಲ," ಎಂದ ತಮ್ಮ. ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಚೀಲದಿಂದ ನಮೂನೆ ತೆಗೆದು, ಪೆನ್ಸಿಲಿನ ಅಡ್ಡಗೆರೆ ಹಾಕಿದ್ದ ಕೊನೆಯ ಪುಟ ತೆರೆದ.

ಸಭೆ ನಡೆದದ್ದು ಪ್ರಾಥಮಿಕ ಶಾಲೆಯಲ್ಲಿ. ದೊಡ್ಡವರೆಲ್ಲ ಒಂದನೇ ಕ್ಲಾಸಿನ ಬೆಂಚಿನಲ್ಲಿ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಮೊದಲು ಯಾರು ಯಾರನ್ನು ಎತ್ತಿಕೊಂಡು ಹೋಗುವುದೆಂಬ ಪಟ್ಟಿ. ಎತ್ತುವವರ ಕಾಲಮಿನಲ್ಲಿ ನಲವತ್ತು ಜನ ಸಹಿ ಹಾಕಿದರು, ಎತ್ತಿಸಿಕೊಳ್ಳುವವರ ಕಾಲಮಿನಲ್ಲಿ ಒಬ್ಬರೂ ಇಲ್ಲ. ಎಂಬತ್ತು ದಾಟಿದ ನಿವೃತ್ತ ಪೋಸ್ಟ್‌ಮ್ಯಾನ್ ಎಲ್ಲರಿಗಿಂತ ಮೊದಲು ಎತ್ತುವವರಲ್ಲಿ ಸಹಿ ಮಾಡಿದ್ದರು.

"ತಾತ, ನಿಮ್ಮನ್ನ ಯಾರು ಎತ್ಕೋಬೇಕು ಅಂತ ಬರ್ಕೊಳ್ಲಿ?" ಎಂದು ತಮ್ಮ ಕೇಳಿದ.

"ನಲವತ್ತು ವರ್ಷ ಈ ಊರಿನ ಭಾರ ಎಲ್ಲಾ ಹೊತ್ತೋನು ನಾನು. ನನ್ನನ್ನ ಎತ್ತೋಕೆ ಬಂದೋರಿಗೆ ಸ್ಟಾಂಪು ಅಂಟಿಸಿ ಕಳಿಸ್ತೀನಿ," ಎಂದರು ತಾತ. ಸಭೆ ನಕ್ಕಿತು.

ಕೊನೆಗೆ ಹನ್ನೊಂದು ಮನೆಯ ಪಟ್ಟಿ ಓದಬೇಕಿತ್ತು. ತಮ್ಮ ಎದ್ದು ನಿಂತ. ಕ್ಷೌರದವನು ಮೂರನೇ ಬೆಂಚಿನಿಂದ ಹುಬ್ಬು ಹಾರಿಸಿದ. ತಾನು ಪಾರಾದ ಸುದ್ದಿ ಟೈಲರಮ್ಮನ ಬಾಗಿಲಿನಿಂದ ಅವನಿಗೆ ಆಗಲೇ ಮುಟ್ಟಿತ್ತು. ಅಕ್ಕ ಕಿಟಕಿಯ ಪಕ್ಕ ಕೂತು ಯಾರದೋ ಅಂಗಿಯ ದಾರ ಕೀಳುತ್ತಿದ್ದಳು.

"ಓದೋಕೆ ಮೊದಲು ಒಂದು ಖಾನೆ ತುಂಬಿಸ್ಬೇಕು," ಎಂದ ತಮ್ಮ. "ಇದುವರೆಗೆ ನಾನು ಯಾರನ್ನೂ ಕೇಳಿರಲಿಲ್ಲ. ತಪ್ಪು ನಂದೇ. ಈಗ ಹೇಳ್ತಿರೋದು ಹೋದ ಸಲ ಬಂದ ನೀರಿನ ಲೆಕ್ಕ. ಅದಕ್ಕೂ ಹಿಂದಿನ ಸಲಕ್ಕಿಂತ ಅದು ಮೂರಿಂಚು ಜಾಸ್ತಿ ಬಂದಿತ್ತು. ಮುಂದಿನ ಸಲಕ್ಕೆ ಎಷ್ಟು ಬಿಟ್ಕೋಬೇಕು ಅಂತ ನೀವು ಹೇಳ್ಬೇಕು."

ಮೇಡಂ ತಿರುಗಿ ನೋಡಿದರು. ಎಲ್ಲರಿಗಿಂತ ಮೊದಲು ಲೆಕ್ಕ ಹತ್ತಿದ್ದು ಕ್ಷೌರದವನಿಗೆ.

"ಸರ್ವೆ ಸಾರ್, ಬಿಡೋದು ಯಾಕೆ? ಬಂದಷ್ಟು ಬಂದಿದೆ, ಬರೆದಷ್ಟು ಬರ್ಕೊಳ್ಳಿ! ನಾನು ಎರಡಿಂಚು ಬಿಟ್ರೆ ಸಾಯೋ ಬಿಸಿಲಲ್ಲಿ ತಲೆ ಭಾರ ಅಂತ ಜನ ಬೈತಾರೆ. ಕತ್ತರಿಸಿ ಕತ್ತರಿಸಿ!"

"ಕೂದಲು ಬೇರೆ ನದಿ ಬೇರೆ," ಎಂದರು ತಾತ.

"ಎರಡೂ ಬೆಳೆಯುತ್ತಲ್ಲ ತಾತ!" ಎಂದವನು, ತಾನೇ ಏನು ಹೇಳಿದೆನೆಂದು ಹೊಳೆದು, ಬಾಯಿ ಮುಚ್ಚಿಕೊಂಡ.

ಎಲ್ಲರ ಕಣ್ಣೂ ಕಿಟಕಿಯ ಕಡೆ ತಿರುಗಿತು. ಎಷ್ಟು ಲೂಸು ಬಿಡಬೇಕೆಂಬ ಮಾತು ಬಂದಾಗ ಕೆಳಬೀದಿಯವರು ಇನ್ಯಾರ ಮುಖ ನೋಡಿಯಾರು? ಅಕ್ಕ ದಾರ ಕೀಳುವುದನ್ನು ನಿಲ್ಲಿಸಲಿಲ್ಲ. ಒಂದು ಎಳೆ, ಇನ್ನೊಂದು ಎಳೆ. ತಮ್ಮ ಮಾತ್ರ ಅವಳ ಮುಖ ನೋಡಲಾರದೆ ತನ್ನ ಟೇಪಿನ ಗುಂಡಿ ಒತ್ತಿದ. ಸರ್ರೆಂದ ಸದ್ದಿಗೆ ಮೇಡಂ ಬೆಚ್ಚಿದರು.

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದಳು ಅಕ್ಕ ಕೊನೆಗೆ. "ಗಾದೆ ಮಾಡಿದೋರು ನನ್ನ ತಮ್ಮನ್ನ ನೋಡೇ ಮಾಡಿರ್ಬೇಕು. ಮಂಗಳವಾರ ಬಂದು ಕಣ್ಣೀರು ಒರೆಸಿದ, ಭಾನುವಾರ ಬಂದು ಕಣ್ಣಿಗೇ ಬೆರಳಿಟ್ಟ."

"ಅಕ್ಕ, ನೀನು ಬೇಡ ಅಂದ್ರೆ..."

"ಬೇಡ ಅಂದ್ರೆ ಏನು ಮಾಡ್ತೀಯ? ಅಡ್ಡಗೆರೆ ಹಾಕ್ತೀಯ. ನಾಳೆ ನೀರು ಬಂದು ಆ ರಟ್ಟಿನವನ ಮನೆ ಬಾಣಂತಿ ಮಂಚ ಮುಳುಗಿದ್ರೆ, ಟೈಲರಮ್ಮ ತನ್ನ ಬಾಗಿಲು ಉಳಿಸ್ಕೊಳ್ಳೋಕೆ ಫಿಟ್ಟಿಂಗ್ ಹೊಲಿದ್ಲು ಅಂತಾರೆ. ಇಷ್ಟು ವರ್ಷದಲ್ಲಿ ನಾನು ಹೊಲಿದಿದ್ದು ಯಾರಿಗೂ ಬಿಗಿಯಾಗಿಲ್ಲ." ಅಂಗಿಯನ್ನು ಕೊಡವಿ ಮಡಿಚಿದಳು. "ಮೂರು ಬರ್ಕೋ."

ತಮ್ಮ ಪೆನ್ಸಿಲಿನ ಅಡ್ಡಗೆರೆ ಅಳಿಸಿ, ಇಂಕಿನಲ್ಲಿ ಮೂರು ಎಂದು ಬರೆದ. ರಟ್ಟಿನವನಿಗೆ ಮಹಡಿಯಿತ್ತು, ಅವನು ತಲೆಯಾಡಿಸಿದ. ಕ್ಷೌರದವನು ಹಣೆಗೆ ಕೈ ಹಚ್ಚಿಕೊಂಡು ಕೂತ.

"ನಿಲ್ಲು, ನಂದು ಮುಗಿದಿಲ್ಲ," ಎಂದಳು ಅಕ್ಕ. "ಮೇಡಂ, ಎಂಬತ್ತನಾಲ್ಕು ಮೆಟ್ಟಿಲು ನನ್ನ ಮಂಡಿ ಒಪ್ಪಲ್ಲ. ನಲವತ್ತನೇ ಮೆಟ್ಟಿಲ ಹತ್ರ, ತಿರುವಿನಲ್ಲಿ, ಬೀಗ ಹಾಕಿರೋ ಪಂಪ್ ಕೋಣೆ ಇದೆ. ಪಂಪ್ ಕೆಟ್ಟು ನನ್ನ ಮಗನಷ್ಟು ವಯಸ್ಸಾಯ್ತು. ಅದನ್ನ ಕೊಡಿ."

"ಅದಕ್ಕೆ ಮೇಲಿನವರಿಗೆ ಬರೀಬೇಕಾಗುತ್ತಲ್ಲ..." ಎಂದರು ಮೇಡಂ.

"ಬರೀರಿ. ಸ್ಥಳೀಯ ಸಮುದಾಯದೊಂದಿಗೆ ಚರ್ಚಿಸಿದೆವು, ಅದು ಬಿಡಲಿಲ್ಲ ಅಂತ ಬರೀರಿ."

"ಅರ್ಧ ನನಗೆ!" ಎಂದು ಕ್ಷೌರದವನು ಬೆಂಚಿನಿಂದ ಎದ್ದೇ ಬಿಟ್ಟ.

"ನಿನ್ನ ಗಿರಾಕಿಗಳ ಕೂದಲು ನನ್ನ ಬಟ್ಟೆ ಮೇಲೆ ಹಾರಿದ್ರೆ, ಕತ್ತರಿ ನನ್ನ ಹತ್ರಾನೂ ಇದೆ. ನೆನಪಿಟ್ಕೋ."

ಮೇಲಿನವರ ಉತ್ತರ ಬರಲು ಒಂದೂವರೆ ತಿಂಗಳು ಹಿಡಿಯಿತು. ಬಂದ ಮೇಲೆ, ಯೋಜನೆಯ ಪ್ರಕಾರ ಮಳೆಗೆ ಮೊದಲು ಒಂದು ತಾಲೀಮು ಆಗಬೇಕಲ್ಲ, ಅದಕ್ಕೆ ಟೈಲರಮ್ಮನ ಸಾಮಾನು ಸಾಗಿಸುವುದೇ ಸರಿ ಎಂದು ಬೀದಿ ತೀರ್ಮಾನಿಸಿತು. ಬಡಗಿ ಮತ್ತು ತಮ್ಮ ಮೆಷಿನ್ ಹೊತ್ತರು. ಭಾವ ಗುಂಡಿಯ ಡಬ್ಬ ಹಿಡಿದು ಎಲ್ಲರಿಗೂ ಹಿಂದೆ ಬಂದ. ತಾತ ಪಟ್ಟಿಯಲ್ಲಿದ್ದಂತೆ ಎತ್ತಲೇಬೇಕೆಂದು ಹಟ ಹಿಡಿದು ಕತ್ತರಿ ಎತ್ತಿದರು. ಇಪ್ಪತ್ತನೇ ಮೆಟ್ಟಿಲಿನಲ್ಲಿ ಇಬ್ಬರು ಕತ್ತರಿಯ ಸಮೇತ ಅವರನ್ನೇ ಎತ್ತಿಕೊಂಡರು. ತಾತ ಬೇಡವೆನ್ನಲಿಲ್ಲ, ಸ್ಟಾಂಪೂ ಅಂಟಿಸಲಿಲ್ಲ. ತಮ್ಮ ಗಡಿಯಾರ ನೋಡಿ 'ಮೂವತ್ತೈದು ನಿಮಿಷ' ಎಂದು ಬರೆದುಕೊಂಡ. ಮಳೆಯಲ್ಲಾದರೆ ಇನ್ನೂ ಹೆಚ್ಚು ಬೇಕೆಂದು ಯಾರೂ ಹೇಳದೆಯೇ ಹೊಳೆದು, ಅದನ್ನು ಹೊಡೆದು ಐವತ್ತು ಮಾಡಿದ.

ಪಂಪ್ ಕೋಣೆಯಲ್ಲಿ ಸೀಮೆಸುಣ್ಣದ ಒಂದು ಗೆರೆ ನೆಲದ ನಡುವೆ ಎಳೆಯಲಾಯಿತು. ಆಚೆ ಕ್ಷೌರದವನ ಕುರ್ಚಿ, ಈಚೆ ಮೆಷಿನ್. ಅಕ್ಕ ಸ್ಟೂಲನ್ನು ಬಾಗಿಲಿಗೆ ಎಳೆದುಕೊಂಡು ಕೂತಳು. ಕೆಳಗೆ ಬೀದಿ ಪೂರ್ತಿ ಕಾಣುತ್ತಿತ್ತು, ಬೀಗ ಹಾಕಿದ ತನ್ನ ಬಾಗಿಲೂ, ತಗ್ಗಾದ ಕಲ್ಲೂ. ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಅವಳು ಬೈದಿದ್ದರೇ ವಾಸಿಯಿತ್ತು ಎನಿಸಿ, ತಮ್ಮ ಹೊರಡಲೂ ಆಗದೆ, ಸುಮ್ಮನೆ ಕಿಟಕಿಯ ಅಗಲ ಅಳೆಯುತ್ತ ನಿಂತ.

ಅಷ್ಟರಲ್ಲಿ ಮೆಟ್ಟಿಲ ತಿರುವಿನಲ್ಲಿ ಬಡಗಿಯ ಹೆಂಡತಿ ಕಾಣಿಸಿಕೊಂಡಳು. ಕೈಯಲ್ಲೊಂದು ಹರಿದ ದಿಂಬಿನ ಚೀಲ. ಅದೊಂದು ನೆಪ ಎಂಬುದು ಅವಳ ಮುಖದಲ್ಲೇ ಬರೆದಿತ್ತು. ನಲವತ್ತನೇ ಮೆಟ್ಟಿಲಿಗೆ ಬಂದವಳು ಏದುಸಿರು ಬಿಡುತ್ತ ಹೊಸಿಲ ಮೇಲೆ ಕುಸಿದು ಕೂತು, "ಅಯ್ಯೋ ಟೈಲರಮ್ಮ... ನಿಮಗೆ ಗೊತ್ತಾ... ಆ ರಟ್ಟಿನವನ ಮನೇಲಿ..." ಎಂದು ಶುರುಮಾಡಿ, ಉಸಿರು ಸಾಲದೆ ನಿಲ್ಲಿಸಿದಳು.

ಅಕ್ಕ ತಮ್ಮನ ಕಡೆ ನೋಡಿ, ಹೋಗು ಎಂಬಂತೆ ಕೈಯಾಡಿಸಿದಳು. ಆಮೇಲೆ ಸ್ಟೂಲನ್ನು ಹೊಸಿಲ ಹತ್ತಿರಕ್ಕೆ ಸರಿಸಿದಳು.

"ಮೊದ್ಲು ಉಸಿರು ಬಿಡೇ ತಾಯಿ, ಅವಸರ ಏನೂ ಇಲ್ಲ," ಎಂದಳು. "ಆಮೇಲೆ ಶುರುವಿಂದ ಹೇಳು."